ಮೂಳೆ ಟೊಳ್ಳಾಗುವುದಕ್ಕೂ ಹೃದಯಕ್ಕೂ ಏನು ಸಂಬಂಧ? ಅಮ್ಮನ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕೇ?

ಹೊಂಬೆಳಕು:
ಅಮ್ಮನಿಗೆ 66 ವರ್ಷ. ಬೆನ್ನುನೋವೆಂದು ಪಕ್ಕದಿಂದ ಎಕ್ಸ್‌ರೇ ತೆಗೆಸಿದಾಗ ಬೆನ್ನುಮೂಳೆಯ ಒಂದು ಮಣಿ ಮುಂಭಾಗದಲ್ಲಿ ಕುಸಿದಿರುವುದು ಗೊತ್ತಾಯಿತು. ಬಳಿಕ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಆ ಸಾಂದ್ರತೆಯ ಅಂಕವಾದ ಟಿ-ಸ್ಕೋರ್ ಸೊಂಟದಲ್ಲಿ -2.8, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಎಂದರು. ಮೂಳೆ ವೈದ್ಯರು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದುಕೊಟ್ಟರು, ಮೂಳೆಗೆ ಬೇರೆ ಔಷಧ ಮುಂದಿನ ಸಲ ನೋಡೋಣ ಎಂದರು.

ನನ್ನ ಗೊಂದಲ ಬೇರೆಯದು. ಅದೇ ಎಕ್ಸ್‌ರೇ ವರದಿಯ ಕೊನೆಯ ಸಾಲಿನಲ್ಲಿ 'ಮಹಾಪಧಮನಿಯ ಗೋಡೆಯಲ್ಲಿ ಕ್ಯಾಲ್ಸಿಯಂ ಶೇಖರಣೆ ಕಾಣುತ್ತಿದೆ' ಎಂದಿದೆ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದಲ್ಲಿ. ಅದರ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಅಮ್ಮನಿಗೆ ಬಿ.ಪಿ. ಇದೆ, ಅದನ್ನು ನೋಡುವ ವೈದ್ಯರು ಬೇರೆ. ಅವರು ಈ ಎಕ್ಸ್‌ರೇ ನೋಡಿಯೇ ಇಲ್ಲ. ಮೂಳೆಯಲ್ಲಿ ಇರಬೇಕಾದ ಕ್ಯಾಲ್ಸಿಯಂ ಅಲ್ಲಿಲ್ಲ, ಇರಬಾರದ ರಕ್ತನಾಳದಲ್ಲಿದೆ. ಇನ್ನಷ್ಟು ಕ್ಯಾಲ್ಸಿಯಂ ನುಂಗಿದರೆ ಅದು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಅಮ್ಮ ಕೇಳುತ್ತಾರೆ. ನನ್ನ ಬಳಿ ಉತ್ತರವಿಲ್ಲ. ಹೆದರಿ ಮಾತ್ರೆಗಳನ್ನು ತಾವೇ ನಿಲ್ಲಿಸಿಬಿಟ್ಟಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಓದುವ ವೈದ್ಯೆ:
ನಾನು ಸಾಮಾನ್ಯ ವೈದ್ಯಕೀಯದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಅಮ್ಮನ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ಆ ಕೊನೆಯ ಸಾಲಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಇಡೀ ವರದಿಯಲ್ಲಿ ಎಲ್ಲರೂ ದಾಟಿಹೋಗುವ, ಆದರೆ ದಾಟಬಾರದ ಸಾಲು ಅದು.

ಆ ಎಕ್ಸ್‌ರೇ ನಿಮ್ಮ ಕೈಯಲ್ಲಿದ್ದರೆ ಬೆಳಕಿಗೆ ಹಿಡಿದು ನೋಡಿ. ಸೊಂಟದ ಭಾಗದ ಬೆನ್ನುಮಣಿಗಳು ಒಂದರ ಮೇಲೊಂದು ಚೌಕಗಳಾಗಿ ಕಾಣುತ್ತವೆ. ಅವುಗಳ ಮುಂದೆ, ಹೊಟ್ಟೆಯ ಕಡೆಗೆ, ಮೇಲಿನಿಂದ ಕೆಳಕ್ಕೆ ತುಂಡುತುಂಡಾದ ಬಿಳಿ ಗೆರೆಗಳಿರುತ್ತವೆ. ಕೆಲವು ಕಡೆ ಎರಡು ಗೆರೆಗಳು ಸಮಾನಾಂತರವಾಗಿ ಸಾಗುತ್ತವೆ. ಅವು ಮಹಾಪಧಮನಿಯ ಮುಂದಿನ ಮತ್ತು ಹಿಂದಿನ ಗೋಡೆಗಳು. ಆರೋಗ್ಯವಂತ ರಕ್ತನಾಳ ಮಾಮೂಲಿ ಎಕ್ಸ್‌ರೇಯಲ್ಲಿ ಹೀಗೆ ಗೆರೆಯಾಗಿ ಮೂಡುವುದಿಲ್ಲ, ಕ್ಯಾಲ್ಸಿಯಂ ಕಟ್ಟಿದಾಗ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಇದನ್ನು ಅಂಕದಲ್ಲಿ ಅಳೆಯುವ ಕ್ರಮವೂ 1997ರಿಂದ ಇದೆ. ಸೊಂಟದ ಮೊದಲ ನಾಲ್ಕು ಮಣಿಗಳ ಎದುರು ಪ್ರತಿ ಗೋಡೆಗೆ 0ಯಿಂದ 3ರವರೆಗೆ ಅಂಕ, ಒಟ್ಟು 24. ಅಂಕ ಹೆಚ್ಚಾದಷ್ಟೂ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚು ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ.

ಅಂದರೆ ಬೆನ್ನಿಗಾಗಿ ತೆಗೆದ ಚಿತ್ರ ನಿಮ್ಮ ಅಮ್ಮನ ರಕ್ತನಾಳದ ಸುದ್ದಿಯನ್ನೂ ಹೇಳಿದೆ. ಅದು ತುರ್ತು ಸುದ್ದಿಯಲ್ಲ. ಈ ವಯಸ್ಸಿನಲ್ಲಿ ಬಹಳ ಜನರಲ್ಲಿ ಕಾಣುತ್ತದೆ. ಆದರೆ ಬಿ.ಪಿ. ನೋಡುವ ವೈದ್ಯರಿಗೆ ಅದು ತಲುಪಲೇಬೇಕು. ಕೊಲೆಸ್ಟರಾಲ್, ಸಕ್ಕರೆ, ಮೂತ್ರಪಿಂಡದ ಕ್ರಿಯಾಟಿನಿನ್ ಪರೀಕ್ಷೆ ಆಗಿ ಎಷ್ಟು ಕಾಲವಾಯಿತು?

ಹೊಂಬೆಳಕು:
ಸಕ್ಕರೆ ಕಳೆದ ವರ್ಷ ಸರಿಯಿತ್ತು. ಕೊಲೆಸ್ಟರಾಲ್ ನೋಡಿಸಿ ಬಹಳ ಕಾಲವಾಯಿತು. ಕ್ರಿಯಾಟಿನಿನ್ ನೋಡಿಸಿದ ನೆನಪಿಲ್ಲ. ನೀವು ಹೇಳಿದ ಮೇಲೆ ಎಕ್ಸ್‌ರೇ ಹಿಡಿದು ನೋಡಿದೆ. ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ಸಂಶಯಿ:
ಒಂದು ಮಾತು. ವಯಸ್ಸಾದವರಿಗೆ ಮೂಳೆಯೂ ಸವೆಯುತ್ತದೆ, ರಕ್ತನಾಳವೂ ಗಡುಸಾಗುತ್ತದೆ. ಕೂದಲೂ ನೆರೆಯುತ್ತದೆ. ಹಾಗೆಂದು ನೆರೆಗೂದಲಿಗೂ ಹೃದಯಾಘಾತಕ್ಕೂ ನಂಟು ಕಲ್ಪಿಸುವುದಿಲ್ಲ. ಎರಡೂ ಒಟ್ಟಿಗೆ ಇವೆ ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ. ಧೂಮಪಾನ, ಮಧುಮೇಹ, ಕೂತಲ್ಲೇ ಕೂರುವ ಜೀವನ, ಸ್ಟಿರಾಯ್ಡ್ ಮಾತ್ರೆಗಳು, ಇವೆಲ್ಲ ಎರಡನ್ನೂ ಕೆಡಿಸುತ್ತವೆ. ಅಲ್ಲಿಗೆ ಕಥೆ ಮುಗಿಯಿತಲ್ಲವೇ?

ಲ್ಯಾಬಿನ ಮೂಲೆ:
ಸಂಶಯಿ ಅವರೇ, ನಿಮ್ಮ ಎಚ್ಚರಿಕೆ ನ್ಯಾಯವಾದದ್ದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾನು ಮೂಳೆಯ ಜೀವಕೋಶಗಳ ಮೇಲೆ ಕೆಲಸ ಮಾಡುವವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ವಯಸ್ಸಿನ ಲೆಕ್ಕವನ್ನು ತೆಗೆದುಹಾಕಿದರೂ ನಂಟು ಉಳಿಯುತ್ತದೆಯೇ ಎಂದು ನೋಡಿದವರಿದ್ದಾರೆ. ಅಮೆರಿಕದ ದೀರ್ಘಕಾಲದ ಹೃದಯ ಸಮೀಕ್ಷೆಯಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಭಾಗವಹಿಸಿದವರ ಅಂಗೈ ಮೂಳೆ ಎಷ್ಟು ತೆಳುವಾಯಿತು, ಹೊಟ್ಟೆಯ ಮಹಾಪಧಮನಿಯಲ್ಲಿ ಎಷ್ಟು ಕ್ಯಾಲ್ಸಿಯಂ ಸೇರಿತು ಎಂಬುದನ್ನು 25 ವರ್ಷಗಳ ಅಂತರದ ಎಕ್ಸ್‌ರೇಗಳಲ್ಲಿ ಹೋಲಿಸಿದರು. 2001ರಲ್ಲಿ ಫಲಿತಾಂಶ ಬಂತು. ಹೆಚ್ಚು ಮೂಳೆ ಕಳೆದುಕೊಂಡ ಮಹಿಳೆಯರಲ್ಲೇ ರಕ್ತನಾಳ ಹೆಚ್ಚು ಸುಣ್ಣಗಟ್ಟಿತ್ತು, ವಯಸ್ಸನ್ನು ಗಣನೆಗೆ ತೆಗೆದುಕೊಂಡ ಮೇಲೂ. ಗಂಡಸರಲ್ಲಿ ಆ ನಂಟು ಕಾಣಲಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನ್ ಕುಸಿಯುವುದಕ್ಕೂ ಇದಕ್ಕೂ ಸಂಬಂಧವಿರಬಹುದು ಎಂಬ ಊಹೆಗೆ ಇದೂ ಒಂದು ಕಾರಣ.

ಇನ್ನೊಂದು ಸ್ವೀಡನ್ನಿನ ಅವಳಿಗಳ ಅಧ್ಯಯನ, 2009ರದು. ಮೂವತ್ತೊಂದು ಸಾವಿರಕ್ಕೂ ಹೆಚ್ಚು ಅವಳಿಗಳನ್ನು ಅನುಸರಿಸಿದರು. ಹೃದಯ ವೈಫಲ್ಯ (ಹೃದಯ ರಕ್ತವನ್ನು ಸಾಕಷ್ಟು ತಳ್ಳಲಾಗದ ಸ್ಥಿತಿ) ಪತ್ತೆಯಾದವರಲ್ಲಿ ಸೊಂಟದ ಮೂಳೆ ಮುರಿಯುವ ಪ್ರಮಾಣ ನಾಲ್ಕು ಪಟ್ಟಿಗೂ ಹೆಚ್ಚಿತ್ತು, ಪಾರ್ಶ್ವವಾಯು ಆದವರಲ್ಲಿ ಸುಮಾರು ಐದು ಪಟ್ಟು. ಪಾರ್ಶ್ವವಾಯು ಆದವರು ಬೀಳುತ್ತಾರೆ, ಅದಕ್ಕೇ ಮುರಿಯುತ್ತದೆ ಎನ್ನಬಹುದು. ಆದರೆ ಮುಖ್ಯವಾದ ಸಂಗತಿ ಬೇರೆ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಹೃದಯ ವೈಫಲ್ಯವಿದ್ದರೆ, ಆ ಕಾಯಿಲೆಯೇ ಇಲ್ಲದ ಇನ್ನೊಬ್ಬರಲ್ಲಿಯೂ ಸೊಂಟದ ಮುರಿತ ಹೆಚ್ಚಿತ್ತು! ಹೃದಯ ಸರಿಯಿದ್ದೂ ಮೂಳೆ ದುರ್ಬಲ. ಇದನ್ನು ಬೀಳುವಿಕೆಯಿಂದ ವಿವರಿಸಲಾಗದು. ಹುಟ್ಟಿನಿಂದ ಬಂದ ಯಾವುದೋ ಒಂದು ಬೇರು ಎರಡೂ ಕಡೆ ಹರಡಿದೆ ಎಂದು ತೋರುತ್ತದೆ.

ಸಂಶಯಿ:
ಅವಳಿಗಳ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ಪತಕ್ಕ ಮಾತು. ಆದರೆ ಆ 'ಯಾವುದೋ ಬೇರು' ಯಾವುದು?

ಲ್ಯಾಬಿನ ಮೂಲೆ:
ಮೂಳೆ ಕಲ್ಲಿನಂತೆ ಜಡವಲ್ಲ. ಹಳೆಯ ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳು, ಹೊಸದನ್ನು ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳು ಜೀವನಪರ್ಯಂತ ಕೆಲಸ ಮಾಡುತ್ತಲೇ ಇರುತ್ತವೆ. ಕರಗಿಸುವ ಕೋಶಗಳಿಗೆ ಅಪ್ಪಣೆ ಕೊಡುವ ಪ್ರೋಟೀನ್ ರ‍್ಯಾಂಕ್‌ಎಲ್. ಅದನ್ನು ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೋಟೀನ್ ಆಸ್ಟಿಯೊಪ್ರೊಟೆಜೆರಿನ್. 1998ರಲ್ಲಿ ಈ ಎರಡನೆಯದು ಇಲ್ಲದಂತೆ ಇಲಿಗಳನ್ನು ಬೆಳೆಸಿದರು. ಮೂಳೆ ಟೊಳ್ಳಾಗುತ್ತದೆ ಎಂಬುದು ನಿರೀಕ್ಷಿತವೇ ಆಗಿತ್ತು. ನಿರೀಕ್ಷೆ ಇಲ್ಲದ್ದು ಏನೆಂದರೆ, ಅದೇ ಇಲಿಗಳ ಮಹಾಪಧಮನಿ ಮತ್ತು ಮೂತ್ರಪಿಂಡದ ಅಪಧಮನಿಗಳು ಸುಣ್ಣಗಟ್ಟಿದ್ದವು. ಒಂದೇ ವಂಶವಾಹಿ ತೆಗೆದದ್ದಕ್ಕೆ ಎರಡು ಕಾಯಿಲೆ.

ಅದಕ್ಕೆ ಒಂದು ವರ್ಷ ಮೊದಲು, 1997ರಲ್ಲಿ, ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಎಂಬುದಿಲ್ಲದ ಇಲಿಗಳ ವರದಿ ಬಂದಿತ್ತು. ಅವುಗಳ ಅಪಧಮನಿಗಳು ಎಳೆಯ ವಯಸ್ಸಿನಲ್ಲೇ ಗಟ್ಟಿಯಾಗಿ, ಎರಡು ತಿಂಗಳೊಳಗೆ ರಕ್ತನಾಳ ಒಡೆದು ಸತ್ತವು. ನನ್ನ ಇಡೀ ಓದಿನಲ್ಲಿ ಇಷ್ಟು ಮನಸ್ಸು ಕಲಕಿದ ಪ್ರಯೋಗ ಇನ್ನೊಂದಿಲ್ಲ. ರಕ್ತನಾಳ ಮೆತ್ತಗಿರುವುದು ತಾನಾಗಿ ನಡೆಯುವ ಸಂಗತಿ ಎಂದು ನಾವು ಭಾವಿಸುತ್ತೇವೆ. ಅಲ್ಲ. ಸುಣ್ಣಗಟ್ಟದಂತೆ ದೇಹ ಪ್ರತಿಕ್ಷಣ ಕಾವಲು ಕಾಯುತ್ತಿದೆ, ಕಾವಲು ತಪ್ಪಿದರೆ ಗಟ್ಟಿಯಾಗುತ್ತದೆ.

ಮನುಷ್ಯರ ಅಪಧಮನಿಯ ಗೋಡೆಯಲ್ಲೂ ಇಂಥದೇ ನಡೆಯುತ್ತದೆ. ಗೋಡೆಯಲ್ಲಿರುವ ನಯ ಸ್ನಾಯುಕೋಶಗಳು ಉರಿಯೂತ, ಹೆಚ್ಚಿದ ಫಾಸ್ಫೇಟ್, ಆಕ್ಸಿಡೀಕೃತ (ಆಮ್ಲಜನಕದೊಡನೆ ಸೇರಿ ಕೆಟ್ಟ) ಕೊಬ್ಬು ಇವುಗಳ ಒತ್ತಡದಲ್ಲಿ ತಮ್ಮ ಸ್ವಭಾವ ಬಿಟ್ಟು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ. ಮೂಳೆ ಬೆಳೆಸುವ ಬಿಎಂಪಿ-2 ಎಂಬ ಪ್ರೋಟೀನು ಅಪಧಮನಿಯ ಕೊಬ್ಬಿನ ಗಡ್ಡೆಗಳಲ್ಲಿ ಇದೆಯೆಂದು 1993ರಲ್ಲೇ ತೋರಿಸಿದ್ದರು. ಇನ್ನೂ ಸೋಜಿಗವೆಂದರೆ, ಅದೇ ಆಕ್ಸಿಡೀಕೃತ ಕೊಬ್ಬು ರಕ್ತನಾಳದ ಕೋಶಗಳನ್ನು ಸುಣ್ಣಗಟ್ಟಲು ಹುರಿದುಂಬಿಸಿದರೆ, ನಿಜವಾದ ಮೂಳೆಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ. ಹೊಂಬೆಳಕು ಅವರೇ, ಅಮ್ಮ ಕೇಳಿದ ಪ್ರಶ್ನೆಗೆ ನನ್ನ ಮಟ್ಟಿಗೆ ಇದೇ ಉತ್ತರ. ಮೂಳೆಯಿಂದ ಕರಗಿದ ಕ್ಯಾಲ್ಸಿಯಂ ನೇರವಾಗಿ ರಕ್ತನಾಳಕ್ಕೆ ಹೋಗಿ ಅಂಟಿಕೊಳ್ಳುತ್ತಿಲ್ಲ. ಎರಡೂ ಕಡೆ ಕೋಶಗಳಿಗೆ ತಪ್ಪು ಅಪ್ಪಣೆ ಹೋಗುತ್ತಿದೆ.

ಸಂಶಯಿ:
ಹಾಗಾದರೆ ರ‍್ಯಾಂಕ್‌ಎಲ್ ತಡೆಯುವ ಔಷಧ ಕೊಟ್ಟರೆ ರಕ್ತನಾಳವೂ ಸರಿಹೋಗಬೇಕಲ್ಲ?

ಲ್ಯಾಬಿನ ಮೂಲೆ:
ಎಲ್ಲರೂ ಹಾಗೇ ಆಶಿಸಿದ್ದರು. ಡೆನೊಸುಮ್ಯಾಬ್ ಚುಚ್ಚುಮದ್ದು ಮಾಡುವುದು ಅದನ್ನೇ. ಅದರ ದೊಡ್ಡ ಪ್ರಯೋಗದಲ್ಲಿ ಭಾಗವಹಿಸಿದ, ಹೃದಯದ ಅಪಾಯ ಹೆಚ್ಚಿದ್ದ ಮಹಿಳೆಯರ ಮಹಾಪಧಮನಿಯನ್ನು ಮೂರು ವರ್ಷದ ನಂತರ ನೋಡಿದರು. ಮೂಳೆ ಗಟ್ಟಿಯಾಗಿತ್ತು. ರಕ್ತನಾಳದಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ, ಒಳಿತೂ ಇಲ್ಲ ಕೆಡುಕೂ ಇಲ್ಲ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿ ಹಾಗೇ ನಡೆಯುವುದಿಲ್ಲ.

ಮಾತ್ರೆಪೆಟ್ಟಿಗೆ:
ಔಷಧ ವಿತರಣೆ ನನ್ನ ವೃತ್ತಿ. ಕ್ಯಾಲ್ಸಿಯಂ ಹೃದಯಕ್ಕೆ ಕೆಟ್ಟದ್ದೇ ಎಂದು ಕೇಳುವವರು ನನ್ನ ಬಳಿ ಬಹಳ. ಭಯ ಎಲ್ಲಿಂದ ಬಂತೆಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

2010ರಲ್ಲಿ ನ್ಯೂಜಿಲೆಂಡಿನ ಸಂಶೋಧಕರ ನೇತೃತ್ವದಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟವಾಯಿತು. ವಿಟಮಿನ್ ಡಿ ಇಲ್ಲದೆ ಬರೀ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡವರಲ್ಲಿ ಹೃದಯಾಘಾತ ಶೇ. 30ರ ಆಸುಪಾಸು ಹೆಚ್ಚಿತ್ತು ಎಂದಿತು. ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಇನ್ನೊಂದು ಕಡೆ, ಅಮೆರಿಕದಲ್ಲಿ 36,282 ಮಹಿಳೆಯರಿಗೆ ಏಳು ವರ್ಷ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಅಥವಾ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟ ಪ್ರಯೋಗದಲ್ಲಿ ಹೃದಯಾಘಾತ ಹೆಚ್ಚಿದ್ದು ಕಾಣಲಿಲ್ಲ. ಮೂತ್ರಪಿಂಡದ ಕಲ್ಲು ಶೇ. 17ರಷ್ಟು ಹೆಚ್ಚಾಯಿತು, ಅದು ನಿಜ. 2016ರಲ್ಲಿ ಅಮೆರಿಕದ ಮೂಳೆ ಆರೋಗ್ಯದ ಮತ್ತು ಹೃದ್ರೋಗ ತಡೆಗಟ್ಟುವ ಸಂಸ್ಥೆಗಳು ಜಂಟಿಯಾಗಿ, ಆಹಾರ ಮತ್ತು ಮಾತ್ರೆ ಸೇರಿ ದಿನಕ್ಕೆ 2,000ದಿಂದ 2,500 ಮಿಲಿಗ್ರಾಂ ಮೀರದಿದ್ದರೆ ಹೃದಯದ ಮಟ್ಟಿಗೆ ಅಪಾಯವಿಲ್ಲ ಎಂಬ ನಿಲುವು ಪ್ರಕಟಿಸಿದವು. ವಾದ ಪೂರ್ತಿ ಮುಗಿದಿಲ್ಲ. ಆದರೆ ಆಹಾರದಿಂದ ಬರುವ ಕ್ಯಾಲ್ಸಿಯಂ ಬಗ್ಗೆ ಇಂಥ ಆತಂಕ ಎದ್ದಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ. 50 ದಾಟಿದ ಮಹಿಳೆಗೆ ಒಟ್ಟು 1,200 ಮಿಲಿಗ್ರಾಂ ಸಾಕು. ಮೊದಲು ಆಹಾರದಿಂದ ಎಷ್ಟು ಸಿಗುತ್ತಿದೆ ಎಂದು ಲೆಕ್ಕ ಹಾಕಿ, ಕೊರತೆ ಎಷ್ಟೋ ಅಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿ. ಅನೇಕರು ಲೆಕ್ಕವೇ ಇಲ್ಲದೆ ದಿನಕ್ಕೆ ಎರಡು ದೊಡ್ಡ ಮಾತ್ರೆ ನುಂಗುತ್ತಾರೆ, ಇನ್ನು ಕೆಲವರು ಒಂದೂ ಬೇಡ ಎಂದು ಬಿಸಾಡುತ್ತಾರೆ. ಎರಡೂ ಬೇಡ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಿದರೆ ಕರುಳು ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಕಾರ್ಬೊನೇಟ್ ರೂಪದ್ದನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಆಮ್ಲ ಕಡಿಮೆ ಮಾಡುವ ಹೊಟ್ಟೆಯ ಮಾತ್ರೆ ನುಂಗುವವರಿಗೆ ಸಿಟ್ರೇಟ್ ರೂಪ ಮೇಲು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಓದುವ ವೈದ್ಯೆ:
ಮಾತ್ರೆಪೆಟ್ಟಿಗೆ ಅವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಕ್ಯಾಲ್ಸಿಯಂ ತಿನ್ನುವುದನ್ನು ಬಿಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ರಕ್ತನಾಳ ಶುದ್ಧವಾಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ದೇಹದ ಶೇ. 99ರಷ್ಟು ಕ್ಯಾಲ್ಸಿಯಂ ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ರಕ್ತದಲ್ಲಿ ಅದರ ಮಟ್ಟ ಕಿರಿದಾದ ಮಿತಿಯೊಳಗೆ ಇರಲೇಬೇಕು, ಇಲ್ಲದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಬಾಯಿಂದ ಬರುವುದು ಕಡಿಮೆಯಾದ ಕೂಡಲೇ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರುತ್ತದೆ, ಮೂಳೆಯನ್ನು ಕರಗಿಸಿ ರಕ್ತಕ್ಕೆ ತುಂಬುತ್ತದೆ. ರಕ್ತದ ವರದಿ ಸರಿಯಾಗಿಯೇ ಇರುತ್ತದೆ, ಬೆಲೆ ತೆರುವುದು ಮೂಳೆ. ನಿಮ್ಮ ಅಮ್ಮ ಮಾತ್ರೆ ಪೂರ್ತಿ ನಿಲ್ಲಿಸಿರುವುದು ಅದಕ್ಕೇ ನನಗೆ ಚಿಂತೆ.

ಇಳಿಸಂಜೆ:
ನನಗೆ ಎಪ್ಪತ್ತು ದಾಟಿದೆ. ಎರಡೂ ಕಾಯಿಲೆಯ ಒಡತಿ ನಾನು. ಮೊದಲು ಮಣಿಕಟ್ಟು ಮುರಿಯಿತು, ಕೆಲವು ವರ್ಷಗಳ ನಂತರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಮಣಿಕಟ್ಟು ಮುರಿದಾಗ ಕಟ್ಟು ಹಾಕಿ ಕಳಿಸಿದರು. ಮೂಳೆ ಸಾಂದ್ರತೆ ನೋಡೋಣ ಎಂದಾಗಲಿ, ಕೊಲೆಸ್ಟರಾಲ್ ನೋಡೋಣ ಎಂದಾಗಲಿ ಯಾರೂ ಹೇಳಲಿಲ್ಲ. ಸ್ಟೆಂಟ್ ಹಾಕಿದವರು ಮೂಳೆಯ ಬಗ್ಗೆ ಕೇಳಲಿಲ್ಲ. ಎರಡು ವಿಭಾಗಗಳ ನಡುವೆ ಫೈಲು ಹೊತ್ತು ಓಡಾಡಿದವಳು ನಾನೊಬ್ಬಳೇ. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ಹೊಂಬೆಳಕು, ನಿಮ್ಮ ಅಮ್ಮನಿಗೆ ಹೀಗಾಗಬಾರದು ಎಂದು ಬರೆಯುತ್ತಿದ್ದೇನೆ ಮಗಳೇ. ಎಕ್ಸ್‌ರೇಯ ಆ ಸಾಲನ್ನು ದಪ್ಪ ಪೆನ್ನಿನಲ್ಲಿ ಗುರುತು ಮಾಡಿ ಬಿ.ಪಿ. ವೈದ್ಯರ ಮೇಜಿನ ಮೇಲೆ ಇಡಿ. ಹಾಗೆಯೇ, ಬಿ.ಪಿ. ಮಾತ್ರೆಗಳ ಪಟ್ಟಿಯನ್ನು ಮೂಳೆ ವೈದ್ಯರಿಗೆ ಕೊಡಿ.

ನನ್ನ ವಾರಗೆಯ ಹೆಂಗಸರಿಗೆ ಮುಟ್ಟು ನಿಂತ ಕಾಲದಲ್ಲಿ ಹಾರ್ಮೋನ್ ಮಾತ್ರೆ ಕೊಟ್ಟರೆ ಮೂಳೆಯೂ ಹೃದಯವೂ ಉಳಿಯುತ್ತವೆ ಎನ್ನುತ್ತಿದ್ದರು. ಆಮೇಲೆ ಒಮ್ಮೆಲೇ ಬೇಡ ಎಂದರು. ಏನಾಯಿತು ಎಂದು ವೈದ್ಯೆಯವರು ತಿಳಿಸುತ್ತೀರಾ?

ಓದುವ ವೈದ್ಯೆ:
ಅಮ್ಮಾ, ನಿಮ್ಮ ಪ್ರಶ್ನೆಯಲ್ಲಿ ಒಂದು ದೊಡ್ಡ ಪಾಠವಿದೆ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನುಗಳನ್ನು ಕೊಟ್ಟು 16,608 ಮಹಿಳೆಯರ ಮೇಲೆ ನಡೆದ ಅಮೆರಿಕದ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಸೊಂಟದ ಮುರಿತ ಮೂರನೇ ಒಂದು ಭಾಗದಷ್ಟು ಇಳಿದಿತ್ತು. ಆದರೆ ಹೃದಯದ ಕಾಯಿಲೆ ಶೇ. 29, ಪಾರ್ಶ್ವವಾಯು ಶೇ. 41 ಹೆಚ್ಚಿತ್ತು. ಸ್ತನ ಕ್ಯಾನ್ಸರ್ ಕೂಡ. ಅಲ್ಲಿದ್ದವರ ಸರಾಸರಿ ವಯಸ್ಸು 63, ಮುಟ್ಟು ನಿಂತು ಬಹಳ ವರ್ಷಗಳಾದವರೇ ಹೆಚ್ಚು. ಮುಟ್ಟು ನಿಂತ ಆರಂಭದ ವರ್ಷಗಳಲ್ಲಿ ಶುರು ಮಾಡುವವರಿಗೆ ಲೆಕ್ಕ ಬೇರೆ ಎಂದು ಆಮೇಲೆ ತಿಳಿಯಿತು. ಈಗ ಅದನ್ನು ಕೊಡುವುದಿಲ್ಲವೆಂದಲ್ಲ, ಯಾರಿಗೆ ಯಾವಾಗ ಎಂದು ನೋಡಿ ಕೊಡುತ್ತಾರೆ.

ಮೂಳೆಗೆ ಒಳ್ಳೆಯದಾದ ಔಷಧ ಹೃದಯಕ್ಕೂ ಒಳ್ಳೆಯದು ಎಂದು ಭಾವಿಸಲಾಗದು ಎಂಬುದಕ್ಕೆ ಇದೊಂದೇ ಉದಾಹರಣೆಯಲ್ಲ. ಓಡನಾಕಾಟಿಬ್ ಎಂಬ ಔಷಧ ಮೂಳೆ ಮುರಿತವನ್ನು ಚೆನ್ನಾಗಿ ತಡೆಯಿತು. ಪಾರ್ಶ್ವವಾಯು ಹೆಚ್ಚಾದ ಕಾರಣ ತಯಾರಕರು 2016ರಲ್ಲಿ ಅದನ್ನು ಕೈಬಿಟ್ಟರು. ಇನ್ನೊಂದು ಮೂಳೆ ಔಷಧವಾದ ಸ್ಟ್ರಾನ್ಷಿಯಂ ರ‍್ಯಾನೆಲೇಟ್‌ಗೆ ಯುರೋಪಿನಲ್ಲಿ ಹೃದ್ರೋಗಿಗಳಿಗೆ ಕೊಡಬಾರದೆಂಬ ಕಟ್ಟುಪಾಡು ಬಂತು.

ಈಗಿನ ದಿನಗಳಲ್ಲಿ ಎಚ್ಚರ ಬೇಕಾದದ್ದು ರೊಮೊಸೊಜುಮ್ಯಾಬ್ ಚುಚ್ಚುಮದ್ದಿನ ವಿಷಯದಲ್ಲಿ. ಮೂಳೆಯನ್ನು ಹೊಸದಾಗಿ ಕಟ್ಟುವ ಶಕ್ತಿಯುಳ್ಳ ಔಷಧ ಅದು, ಒಂದು ವರ್ಷ ಮಾತ್ರ ಕೊಡುತ್ತಾರೆ. 4,093 ಮಹಿಳೆಯರ ಪ್ರಯೋಗದಲ್ಲಿ ಮೊದಲ ವರ್ಷ ಹೃದಯ ಮತ್ತು ರಕ್ತನಾಳದ ಗಂಭೀರ ಘಟನೆಗಳು ಈ ಔಷಧದಲ್ಲಿ ಶೇ. 2.5, ಮೂಳೆಗೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯಲ್ಲಿ ಶೇ. 1.9 ಕಂಡುಬಂದವು. ಅದಕ್ಕಿಂತ ದೊಡ್ಡದಾದ ಇನ್ನೊಂದು ಪ್ರಯೋಗದಲ್ಲಿ, ಖಾಲಿ ಚುಚ್ಚುಮದ್ದಿನೊಂದಿಗೆ ಹೋಲಿಸಿದಾಗ, ವ್ಯತ್ಯಾಸ ಕಾಣಲಿಲ್ಲ. ಆದರೂ 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಾಗ, ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡಬಾರದೆಂದು ಅತಿ ಗಂಭೀರ ಎಚ್ಚರಿಕೆಯನ್ನು ಔಷಧದ ಮಾಹಿತಿಪತ್ರದಲ್ಲೇ ಸೇರಿಸಿತು. ಮುಂದಿನ ಸಲ ಈ ಔಷಧದ ಮಾತು ಬಂದರೆ, ಮಹಾಪಧಮನಿಯ ವಿಷಯ ಮೂಳೆ ವೈದ್ಯರಿಗೆ ತಿಳಿದಿರಲೇಬೇಕು.

ಡಯಾಲಿಸಿಸ್ ಶುಶ್ರೂಷಕಿ:
ಮೂಳೆ ಮತ್ತು ರಕ್ತನಾಳದ ನಂಟು ನಿಜವೇ ಎಂಬ ಅನುಮಾನ ಇರುವವರು ನಮ್ಮ ವಿಭಾಗಕ್ಕೆ ಬಂದು ನೋಡಬೇಕು. ಮೂತ್ರಪಿಂಡ ಕೆಟ್ಟಾಗ ಫಾಸ್ಫೇಟ್ ಹೊರಹೋಗುವುದಿಲ್ಲ, ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪ ಪಡೆಯುವುದಿಲ್ಲ, ಪ್ಯಾರಾಥೈರಾಯ್ಡ್ ಹಾರ್ಮೋನ್ ಏರುತ್ತದೆ. ಬೇರೆಯವರಲ್ಲಿ ದಶಕಗಳಲ್ಲಿ ಆಗುವುದು ಇವರಲ್ಲಿ ಬೇಗ ಆಗುತ್ತದೆ. ಕೆಲವು ರೋಗಿಗಳ ಕೈ ನಾಳ ಮುಟ್ಟಿದರೆ ಬೆರಳಿಗೆ ಕಡ್ಡಿಯಂತೆ ಗಟ್ಟಿಯಾಗಿ ಸಿಗುತ್ತದೆ, ಬಿ.ಪಿ. ಪಟ್ಟಿ ಎಷ್ಟು ಬಿಗಿದರೂ ನಾಳ ಸರಿಯಾಗಿ ಅದುಮುವುದಿಲ್ಲ. ಅದೇ ರೋಗಿ ಹಾಸಿಗೆಯಿಂದ ಇಳಿಯುವಾಗ ಜಾರಿದರೆ ಮೂಳೆ ಮುರಿಯುತ್ತದೆ. ಮೂತ್ರಪಿಂಡ, ಮೂಳೆ, ರಕ್ತನಾಳ ಮೂರನ್ನೂ ಸೇರಿಸಿ ಒಂದೇ ಕಾಯಿಲೆಯ ಹೆಸರಿನಲ್ಲಿ ಈಗ ಗುರುತಿಸುತ್ತಾರೆ.

ಒಂದು ಎಚ್ಚರಿಕೆ. ಡೆನೊಸುಮ್ಯಾಬ್ ಕೊಟ್ಟಾಗ ಡಯಾಲಿಸಿಸ್ ರೋಗಿಗಳಲ್ಲಿ ಕ್ಯಾಲ್ಸಿಯಂ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದೆಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ತೀವ್ರ ಎಚ್ಚರಿಕೆ ಸೇರಿಸಿದ್ದಾರೆ. ಯಾವ ಮೂಳೆ ಔಷಧಕ್ಕೂ ಮೊದಲು ಕ್ರಿಯಾಟಿನಿನ್ ಮಾಡಿಸಿ. ವೈದ್ಯೆಯವರು ಆಗಲೇ ಕೇಳಿದ್ದು ಸುಮ್ಮನೆ ಅಲ್ಲ.

ಹೊಂಬೆಳಕು:
ಎಲ್ಲರಿಗೂ ಕೃತಜ್ಞತೆಗಳು. ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಅಮ್ಮನಿಗೆ ವಿವರಿಸಿದೆ, ಲೆಕ್ಕ ಹಾಕಿ ಅರ್ಧ ಪ್ರಮಾಣದಲ್ಲಿ ಸಾಕೇ ಎಂದು ವೈದ್ಯರನ್ನು ಕೇಳುತ್ತೇವೆ. ಈಗ ಸಂಬಂಧಿಕರೊಬ್ಬರು ವಿಟಮಿನ್ ಕೆ2 ಕೊಡಿ, ಅದು ರಕ್ತನಾಳದ ಕ್ಯಾಲ್ಸಿಯಂ ತೆಗೆದು ಮೂಳೆಗೆ ಸೇರಿಸುತ್ತದೆ ಎನ್ನುತ್ತಿದ್ದಾರೆ. ನಿಜವೇ?

ಲ್ಯಾಬಿನ ಮೂಲೆ:
ಈ ನಂಬಿಕೆಗೆ ಮೂಲವಿದೆ. ನಾನು ಮೇಲೆ ಹೇಳಿದ ಮ್ಯಾಟ್ರಿಕ್ಸ್ ಗ್ಲಾ ಎಂಬ ಕಾವಲುಗಾರ ಪ್ರೋಟೀನು ಕೆಲಸ ಮಾಡಲು ವಿಟಮಿನ್ ಕೆ ಬೇಕು. ರಕ್ತ ತೆಳುವಾಗಿಸಲು ಕೊಡುವ ವಾರ್ಫರಿನ್ ಆ ವಿಟಮಿನ್ನಿನ ಕೆಲಸವನ್ನು ತಡೆಯುತ್ತದೆ, ಹಾಗೆ ತಡೆದಾಗ ಇಲಿಗಳ ರಕ್ತನಾಳ ಸುಣ್ಣಗಟ್ಟಿದ್ದೂ ಉಂಟು. ಆದ್ದರಿಂದ ಕೆ2 ಕೊಟ್ಟರೆ ಒಳಿತಾಗಬೇಕು ಎಂಬ ತರ್ಕ ಚೆನ್ನಾಗಿದೆ. ಆದರೆ ಡೆನ್ಮಾರ್ಕಿನಲ್ಲಿ ಹೃದಯದ ಕವಾಟ ಸುಣ್ಣಗಟ್ಟಿದ್ದ ಹಿರಿಯ ಗಂಡಸರಿಗೆ ಎರಡು ವರ್ಷ ದಿನಕ್ಕೆ 720 ಮೈಕ್ರೊಗ್ರಾಂ ಕೆ2 ಮತ್ತು ವಿಟಮಿನ್ ಡಿ ಕೊಟ್ಟು ನೋಡಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಕವಾಟದ ಸುಣ್ಣಗಟ್ಟುವಿಕೆ ನಿಧಾನವಾಗಲಿಲ್ಲ.

ಮಾತ್ರೆಪೆಟ್ಟಿಗೆ:
ಮತ್ತೆ, ವಾರ್ಫರಿನ್ ತೆಗೆದುಕೊಳ್ಳುವವರು ಯಾವ ರೂಪದ ವಿಟಮಿನ್ ಕೆಯನ್ನೂ ವೈದ್ಯರ ಗಮನಕ್ಕೆ ತರದೆ ನುಂಗಲೇಬಾರದು. ರಕ್ತ ಹೆಪ್ಪುಗಟ್ಟುವ ಲೆಕ್ಕವೇ ತಪ್ಪುತ್ತದೆ. ವಿಟಮಿನ್ ಡಿ ಬಗ್ಗೆಯೂ ಕೇಳುತ್ತೀರಿ ಎಂದು ಮೊದಲೇ ಹೇಳಿಬಿಡುತ್ತೇನೆ. 25,871 ಜನರಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಅಥವಾ ಖಾಲಿ ಮಾತ್ರೆ ಕೊಟ್ಟ ಪ್ರಯೋಗದಲ್ಲಿ ಹೃದಯಾಘಾತವೂ ಇಳಿಯಲಿಲ್ಲ, ಮೂಳೆ ಮುರಿತವೂ ಇಳಿಯಲಿಲ್ಲ. ಕೊರತೆ ಇರುವವರಿಗೆ ಅದು ಅಗತ್ಯ, ಕೊರತೆ ಇಲ್ಲದವರಿಗೆ ಹೆಚ್ಚುವರಿ ಲಾಭವಿಲ್ಲ.

ಸಂಶಯಿ:
ಹೃದಯದ ಔಷಧಗಳು ಮೂಳೆಗೆ ಏನು ಮಾಡುತ್ತವೆ? ಆ ದಿಕ್ಕಿನಿಂದ ಯಾರೂ ಹೇಳಲಿಲ್ಲ.

ಓದುವ ವೈದ್ಯೆ:
ಕೇಳಿದ್ದು ಒಳ್ಳೆಯದಾಯಿತು. ಬಿ.ಪಿ.ಗೆ ಕೊಡುವ ಥಯಾಜೈಡ್ ಗುಂಪಿನ ಮೂತ್ರವರ್ಧಕಗಳು ಮೂತ್ರದಲ್ಲಿ ಕ್ಯಾಲ್ಸಿಯಂ ಸೋರಿಹೋಗುವುದನ್ನು ಕಡಿಮೆ ಮಾಡುತ್ತವೆ. ಬಿ.ಪಿ. ಔಷಧಗಳನ್ನು ಹೋಲಿಸಿದ ದೊಡ್ಡದೊಂದು ಪ್ರಯೋಗದ ಮರುವಿಶ್ಲೇಷಣೆಯಲ್ಲಿ, ಥಯಾಜೈಡ್ ಮಾದರಿಯ ಕ್ಲೋರ್ಥಾಲಿಡೋನ್ ಪಡೆದವರಲ್ಲಿ ಸೊಂಟ ಮತ್ತು ಶ್ರೋಣಿಯ ಮುರಿತ ಇನ್ನೆರಡು ಔಷಧಗಳಿಗಿಂತ ಶೇ. 21 ಕಡಿಮೆ ಇತ್ತು. ಫ್ಯೂರೊಸೆಮೈಡ್ ಗುಂಪಿನ ಮೂತ್ರವರ್ಧಕಗಳು ಇದಕ್ಕೆ ತದ್ವಿರುದ್ಧ, ಕ್ಯಾಲ್ಸಿಯಂ ಹೊರಹಾಕುತ್ತವೆ. ಹಾಗೆಂದು ಹೃದಯ ವೈಫಲ್ಯದವರು ಅದನ್ನು ಬಿಡುವಂತಿಲ್ಲ, ಅವರ ಮೂಳೆಯ ಮೇಲೆ ಕಣ್ಣಿಡಬೇಕು, ಅಷ್ಟೇ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮೂಳೆ ಬೆಳೆಸುತ್ತದೆ ಎಂದು 1999ರಲ್ಲಿ ಇಲಿಗಳಲ್ಲಿ ಕಂಡು ಬಹಳ ಆಸೆ ಹುಟ್ಟಿತ್ತು, ಮನುಷ್ಯರ ಪ್ರಯೋಗದಲ್ಲಿ ಮುರಿತ ಇಳಿಯಲಿಲ್ಲ. ಕೊಲೆಸ್ಟರಾಲಿಗಾಗಿ ಅದನ್ನು ತೆಗೆದುಕೊಳ್ಳಿ, ಮೂಳೆಗಾಗಿ ಅಲ್ಲ.

ಇನ್ನೊಂದು, ಎಲ್ಲಕ್ಕಿಂತ ನಿತ್ಯ ಕಾಣುವ ಅಪಾಯ. ವಯಸ್ಸಾದವರಿಗೆ ಬಿ.ಪಿ. ಮಾತ್ರೆ ಹೊಸದಾಗಿ ಶುರು ಮಾಡಿದ ಮೊದಲ ವಾರಗಳಲ್ಲಿ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಕೆನಡಾದ ಒಂದು ಅಧ್ಯಯನದಲ್ಲಿ ಮೊದಲ 45 ದಿನಗಳಲ್ಲಿ ಸೊಂಟದ ಮುರಿತ ಶೇ. 43 ಹೆಚ್ಚಿತ್ತು. ಬಿ.ಪಿ. ಇಳಿಸಲೇಬೇಕು, ಆದರೆ ಮೂಳೆ ದುರ್ಬಲವಾಗಿರುವವರಲ್ಲಿ ನಿಧಾನವಾಗಿ ಇಳಿಸಬೇಕು. ನಿಂತಾಗಲೂ ಬಿ.ಪಿ. ನೋಡಿ ಎಂದು ನೀವೇ ಕೇಳಿ. ಹೆಚ್ಚಿನ ಕಡೆ ಕೂರಿಸಿ ಮಾತ್ರ ನೋಡುತ್ತಾರೆ.

ಮುರಿತದ ಅಪಾಯ ಲೆಕ್ಕ ಹಾಕಲು ಬಳಸುವ ಫ್ರ‍್ಯಾಕ್ಸ್ ಪ್ರಶ್ನಾವಳಿಯಲ್ಲಿ ಪಾರ್ಶ್ವವಾಯು ಆಗಿದೆಯೇ, ಹೃದಯ ವೈಫಲ್ಯ ಇದೆಯೇ ಎಂಬ ಪ್ರಶ್ನೆಯೇ ಇಲ್ಲ. ನನಗೆ ಇದು ಬಹಳ ಬೇಸರದ ಸಂಗತಿ. ಅವಳಿಗಳ ಅಧ್ಯಯನ ಬಂದು ಇಷ್ಟು ವರ್ಷಗಳಾದ ಮೇಲೂ ರೋಗಿಯ ಒಂದು ಅರ್ಧವನ್ನು ಒಬ್ಬರು, ಇನ್ನೊಂದು ಅರ್ಧವನ್ನು ಇನ್ನೊಬ್ಬರು ನೋಡುತ್ತಿದ್ದೇವೆ. ಸೊಂಟ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರು ಅಥವಾ ಅದಕ್ಕೂ ಹೆಚ್ಚು ಮಂದಿ ಒಂದೇ ವರ್ಷದಲ್ಲಿ ತೀರಿಕೊಳ್ಳುತ್ತಾರೆ, ಅವರಲ್ಲಿ ಹೃದಯದಿಂದ ಹೋಗುವವರು ಕಡಿಮೆಯಲ್ಲ.

ಇಳಿಸಂಜೆ:
ಮೂಳೆಗೆಂದು ವರ್ಷಕ್ಕೊಮ್ಮೆ ಕೊಡುವ ಡ್ರಿಪ್ಪಿನಿಂದ ಹೃದಯದ ಬಡಿತ ತಪ್ಪುತ್ತದೆ ಎಂದು ಕೇಳಿದ್ದೆ. ನನಗೆ ಅದನ್ನೇ ಕೊಡುತ್ತಿದ್ದಾರೆ.

ಓದುವ ವೈದ್ಯೆ:
ಜೊಲೆಡ್ರೊನಿಕ್ ಆಮ್ಲ. 2007ರ ಮೊದಲ ದೊಡ್ಡ ಪ್ರಯೋಗದಲ್ಲಿ ಗಂಭೀರ ಎನ್ನಬಹುದಾದ ಅನಿಯಮಿತ ಬಡಿತ ಶೇ. 1.3 ಜನರಲ್ಲಿ ಕಂಡಿತು, ಔಷಧ ಪಡೆಯದವರಲ್ಲಿ ಶೇ. 0.5. ಅದೇ ವರ್ಷ ಸೊಂಟ ಮುರಿದವರಿಗೆ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ, ಬದಲಿಗೆ ಸಾವಿನ ಪ್ರಮಾಣ ಶೇ. 28 ಇಳಿಯಿತು. ನಿಮಗೆ ಎದೆ ಡವಗುಟ್ಟುವುದು, ನಾಡಿ ತಪ್ಪಿತಪ್ಪಿ ಬಡಿಯುವುದು ಇದ್ದರೆ ಮುಂದಿನ ಡ್ರಿಪ್ಪಿಗೆ ಮೊದಲು ಇಸಿಜಿ ಮಾಡಿಸಿ. ಇಲ್ಲದಿದ್ದರೆ ನಿಲ್ಲಿಸಬೇಡಿ ಅಮ್ಮಾ.

ಹೊಂಬೆಳಕು:
ಕೊನೆಯದಾಗಿ ಒಂದು. ಮಣಿ ಕುಸಿದಿದೆ ಎಂದ ದಿನದಿಂದ ಅಮ್ಮ ನಡೆಯುವುದಕ್ಕೂ ಹೆದರುತ್ತಾರೆ. ಹೃದಯಕ್ಕೆ ನಡಿಗೆ ಬೇಕು, ಬೆನ್ನಿಗೆ ವಿಶ್ರಾಂತಿ ಬೇಕು ಎಂದು ಮನೆಯಲ್ಲಿ ಆಳಿಗೊಂದು ಮಾತು. ಎಲ್ಲಿಂದ ಶುರು ಮಾಡಲಿ?

ನಡೆಸುವವನು:
ನಾನು ಫಿಸಿಯೊಥೆರಪಿಸ್ಟ್. ಇಷ್ಟು ಹೊತ್ತು ಓದುತ್ತಿದ್ದೆ, ನನ್ನ ಸರದಿ ಬಂತು. ತೀವ್ರ ನೋವಿನ ಮೊದಲ ದಿನಗಳನ್ನು ಬಿಟ್ಟರೆ ಬೆನ್ನಿಗೆ ಬೇಕಾದದ್ದು ವಿಶ್ರಾಂತಿಯಲ್ಲ. ಮಲಗಿದಷ್ಟೂ ಮೂಳೆ ಕರಗುತ್ತದೆ, ಹೃದಯವೂ ಸೋಲುತ್ತದೆ.

ಆದರೆ ಯಾವ ವ್ಯಾಯಾಮ ಎಂಬುದು ಮುಖ್ಯ. ಈಜು, ಸೈಕಲ್ ಹೃದಯಕ್ಕೆ ಬಹಳ ಒಳ್ಳೆಯವು. ಮೂಳೆಯ ಮೇಲೆ ಭಾರ ಬೀಳದ ಕಾರಣ ಅದಕ್ಕೆ ಅವುಗಳಿಂದ ಹೆಚ್ಚು ಲಾಭವಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಲ್ಪಸ್ವಲ್ಪ. ಎರಡಕ್ಕೂ ಆಗಬೇಕೆಂದರೆ ನಡಿಗೆಯ ಜೊತೆಗೆ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ಬೇಕು. ಆಸ್ಟ್ರೇಲಿಯಾದಲ್ಲಿ ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಎಂಟು ತಿಂಗಳು, ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರೇ ಭಾರ ಎತ್ತಿಸಿದರು. ಸೊಂಟದ ಬೆನ್ನುಮಣಿಗಳ ಸಾಂದ್ರತೆ ಶೇ. 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1.2 ಇಳಿಯಿತು. ನಿಮ್ಮ ಅಮ್ಮನಿಗೆ ಈಗಲೇ ಅಷ್ಟು ಭಾರ ಬೇಡ, ಮಣಿ ಕುಸಿದಿದೆ. ದಿಕ್ಕು ಮಾತ್ರ ಅದೇ.

ಶುರು ಮಾಡುವುದು ಕುರ್ಚಿಯಿಂದ. ಹಿಂದಕ್ಕೆ ಸರಿಯದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪಾದಗಳು ನೆಲದ ಮೇಲೆ, ಬೆನ್ನು ನೆಟ್ಟಗೆ. ಸೊಂಟದಿಂದ ಮುಂದಕ್ಕೆ ಬಾಗಬೇಕು, ಬೆನ್ನನ್ನು ಗೂನು ಮಾಡಬಾರದು. ತೊಡೆಯ ಬಲದಿಂದ ಏಳಲಿ, ನಿಧಾನವಾಗಿ ಕೂರಲಿ. ಕೂರುವಾಗ ದೊಪ್ಪನೆ ಬೀಳುವಂತಾದರೆ ಕುರ್ಚಿ ತಗ್ಗಾಯಿತೆಂದು ಅರ್ಥ, ಗಟ್ಟಿ ದಿಂಬು ಹಾಕಿ ಎತ್ತರಿಸಿ. ಬಿ.ಪಿ. ಮಾತ್ರೆ ಇರುವುದರಿಂದ ಎದ್ದ ಮೇಲೆ ಕೆಲವು ಉಸಿರಿನಷ್ಟು ಹೊತ್ತು ಕುರ್ಚಿ ಹಿಡಿದು ನಿಂತು ತಲೆ ತಿರುಗುವುದಿಲ್ಲವೆಂದು ಖಚಿತಮಾಡಿಕೊಳ್ಳಲಿ. ನೆಲ ಮುಟ್ಟುವಂತೆ ಬಗ್ಗುವುದು, ಬಗ್ಗಿ ತಿರುಗಿ ವಸ್ತು ಎತ್ತುವುದು, ಮಲಗಿ ತಲೆ ಎತ್ತಿ ಹೊಟ್ಟೆ ಬಿಗಿಯುವ ವ್ಯಾಯಾಮ, ಇವು ಕುಸಿದ ಮಣಿಗೆ ಆಗುವುದಿಲ್ಲ. ಬೆನ್ನಿನಲ್ಲಿ ಹಠಾತ್ತನೆ ಚುಚ್ಚಿದಂತೆ ಹೊಸ ನೋವು ಬಂದರೆ, ಅಥವಾ ಎದೆ ಬಿಗಿದಂತಾದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಹತ್ತು ಸಲ ಸಲೀಸಾಗಿ ಏಳುವಂತಾದ ಮೇಲೆ ಇಲ್ಲಿಯೇ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.